ಒಬ್ಬರ ರಕ್ತ

ಜೂನ್ 9, ಸೋಮವಾರ

ರಾಯಪುರದಲ್ಲಿ ಇವತ್ತೂ ಮಳೆಯಿಲ್ಲ. ಅಲ್ಲಿ ನೆಲ ನೆನೆದು ಚಕ್ರ ಹೂತುಕೊಳ್ಳುವ ಹಾಗಾದರೆ ಮಾತ್ರ ಬೋರ್‌ವೆಲ್ ಲಾರಿ ನಿಲ್ಲುತ್ತದೆ. ಲಾರಿ ನಿಂತರೆ ಅದರಲ್ಲಿ ಕೆಲಸ ಮಾಡುವ ಇವರು, ನನ್ನ ಗಂಡ, ಮನೆಗೆ ಬರುತ್ತಾರೆ. ಹಾಗಾಗಿ ನಾನೆಂದೂ ಕಾಣದ ಒಂದು ಊರಿನ ಮೋಡವನ್ನು ಪ್ರತಿ ಬೆಳಿಗ್ಗೆ ಚನ್ನಪಟ್ಟಣದ ಪ್ಲಾಟ್‌ಫಾರ್ಮಿನಲ್ಲಿ ನಿಂತು ಫೋನಿನಲ್ಲಿ ನೋಡುತ್ತೇನೆ. ಹೋದ ಮಳೆಗಾಲದಲ್ಲಿ ಬಂದು ಎರಡು ವಾರ ಇದ್ದವರು ದೀಪಾವಳಿಗೂ ಬರಲಿಲ್ಲ, ಯುಗಾದಿಗೂ ಬರಲಿಲ್ಲ.

ರಾಮನಗರದ ಆಸ್ಪತ್ರೆಯಲ್ಲಿ ಕೆಲಸ ಸೇರಿ ಒಂದೂವರೆ ತಿಂಗಳಾಯಿತು. ರಕ್ತ ತೆಗೆಯುವುದು ನನಗೆ ಹಳೆಯ ಕೆಲಸ, ಯಾಕೆ ತೆಗೆಯುತ್ತೇವೆ ಎಂಬುದು ಮಾತ್ರ ಹೊಸದು. ಡಾಕ್ಟರ್ ಭಾನುಪ್ರಿಯ ಇವತ್ತು ಮತ್ತೊಮ್ಮೆ ಬಿಡಿಸಿ ಹೇಳಿದರು. ಮೈಯಲ್ಲಿನ ಕೊಬ್ಬು ಸುಮ್ಮನೆ ಕೂತಿರುವ ಪದಾರ್ಥವಲ್ಲ. ಅದು ಗ್ರಂಥಿಯ ಹಾಗೆ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಲೆಪ್ಟಿನ್ ಒಂದು, ಅಡಿಪೊನೆಕ್ಟಿನ್ ಇನ್ನೊಂದು. ದೊಡ್ಡ ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ ಸಣ್ಣ ಗಂಟುಗಳಿರುವವರಲ್ಲಿ ಮೊದಲನೆಯದು ಹೆಚ್ಚು, ಎರಡನೆಯದು ಕಡಿಮೆ ಎಂದು ಕೆಲವರು ಕಂಡಿದ್ದಾರೆ. ಕೆಲವರಿಗೆ ಹಾಗೆ ಕಂಡಿಲ್ಲ. ಆ ಗಂಟುಗಳ ಪೈಕಿ ಕೆಲವು, ವರ್ಷಗಳು ಕಳೆದ ಮೇಲೆ, ಕ್ಯಾನ್ಸರ್ ಆಗುತ್ತವೆ. ಕ್ಯಾಮೆರಾ ಹಾಕದೆ ರಕ್ತದಿಂದಲೇ ತಿಳಿಯಬಹುದೇ ಎಂಬುದು ಪ್ರಶ್ನೆ. ಅದಕ್ಕೆ ಕೊಲೊನೋಸ್ಕೋಪಿಗೆ, ಎಂದರೆ ಕರುಳಿಗೆ ಕ್ಯಾಮೆರಾ ಹಾಕಿಸಿಕೊಳ್ಳಲು, ಬಂದವರ ರಕ್ತವನ್ನು ಖಾಲಿ ಹೊಟ್ಟೆಯಲ್ಲಿ ಮೊದಲೇ ತೆಗೆದಿಡುತ್ತೇವೆ. ಆಮೇಲೆ ಯಾರಿಗೆ ಗಂಟು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ಹೋಲಿಸುತ್ತಾರೆ. ಉತ್ತರ ಇನ್ನೂ ಇಲ್ಲ. ಇದ್ದಿದ್ದರೆ ನನಗೆ ಈ ಕೆಲಸವೂ ಇರುತ್ತಿರಲಿಲ್ಲ.

ರೈಲಿನಲ್ಲಿ ಓದುತ್ತಿರುವ ಕಾದಂಬರಿ ಹಿಮ ಬೀಳುವ ಊರಿನದು. ಅನುವಾದ ಚೆನ್ನಾಗಿದೆ. ಆ ಹೆಂಗಸು ಕಿಟಕಿಯ ಬಳಿ ಕಾಯುವುದನ್ನು ಲೇಖಕ ಮೂರು ಪುಟ ಬರೆದಿದ್ದಾನೆ. ನನಗಾಗಿದ್ದರೆ ಒಂದು ಸಾಕಿತ್ತು.

ಜೂನ್ 14, ಶನಿವಾರ

ಅತ್ತೆಯ ವಿಷಯ ಬರೆದಿಡಬೇಕು. ದೊಡ್ಡಮಳೂರಿನ ಶಾಲೆಯಲ್ಲಿ ನಡೆದ ಶಿಬಿರದಲ್ಲಿ ಅವರ ಮಲ ಪರೀಕ್ಷೆ ಮಾಡಿದಾಗ ಕಣ್ಣಿಗೆ ಕಾಣದಷ್ಟು ರಕ್ತವಿದೆ ಎಂದು ಬಂದಿತ್ತು. ಮೂಲವ್ಯಾಧಿ ಇರಬಹುದು, ಇನ್ನೊಂದೂ ಇರಬಹುದು. ಅವರ ಅಕ್ಕ ದೊಡ್ಡಆಲಹಳ್ಳಿಯಲ್ಲಿ ಆ ಇನ್ನೊಂದರಿಂದಲೇ ಹೋದರು. ಕೊನೆಯವರೆಗೂ ಪಕ್ಕದಲ್ಲಿದ್ದು ಬಟ್ಟೆ ಬದಲಿಸಿದವರು ಅತ್ತೆ. ಅವರಿಗೆ ಅದರ ಹೆದರಿಕೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಆದರೂ ಕ್ಯಾಮೆರಾ ಬೇಡ ಎನ್ನುತ್ತಾರೆ. ಮಗ ಬರಲಿ, ಅವನು ಆಸ್ಪತ್ರೆಯ ಹೊರಗೆ ಕೂತಿರಬೇಕು, ಆಗ ಒಳಗೆ ಹೋಗುತ್ತೇನೆ ಎಂದು ಹಟ. ಇದನ್ನು ಇವರಿಗೆ ಫೋನಿನಲ್ಲಿ ಹೇಳಿದೆ. ಹಿಂದೆ ಕಂಪ್ರೆಸರ್ ಸದ್ದು. "ಇಲ್ಲಿ ನೆಲ ಇನ್ನೂ ಕಾದ ಹಂಚು ಕಣೆ. ಮಳೆ ಬೀಳ್ಲಿ, ಬತ್ತೀನಿ" ಎಂದರು. ಆ "ಕಣೆ" ಎಂಬುದನ್ನು ಇಡೀ ದಿನ ಜೊತೆಯಲ್ಲಿ ಇಟ್ಟುಕೊಂಡಿದ್ದೆ.

ಸಂಜೆ ಅತ್ತೆ ತಾವೇ ಮಾತು ತೆಗೆದರು. ನಾನು ತೆಗೆಯುವ ರಕ್ತದಲ್ಲೇ ಎಲ್ಲ ತಿಳಿಯುವುದಾದರೆ ತಮ್ಮದನ್ನೂ ತೆಗೆಯಬಾರದೇಕೆ ಎಂದರು. ಕೊಬ್ಬಿನ ವಿಷಯ ಹೇಳಿದೆ. ನಕ್ಕರು. "ನಂಗೆಷ್ಟು ಕೊಬ್ಬೈತೆ ಅಂತ ನಿಮ್ಮ ಮಾವ ಇದ್ದಿದ್ರೆ ಸೂಜಿ ಚುಚ್ದೇನೆ ಹೇಳೋನು ಕಣಮ್ಮಿ."

ರಕ್ತ ಕೊಡುವವರು ಕ್ಯಾಮೆರಾಕ್ಕೂ ಒಪ್ಪಬೇಕು, ಬರೀ ರಕ್ತ ತೆಗೆಯುವ ಹಾಗಿಲ್ಲ ಎಂದೆ. ಅತ್ತೆ ಸೊಪ್ಪು ಬಿಡಿಸುವುದರಲ್ಲಿ ಮುಳುಗಿದ ಹಾಗೆ ಮಾಡಿದರು.

ಮಾಗಡಿಯ ತವರುಮನೆಯಿಂದ ಬಾಲರಾಜಣ್ಣನ ಫೋನ್. ಮೇಲಿನ ಕೋಣೆಗೆ ಸುಣ್ಣ ಹೊಡೆಸಿದ್ದಾನಂತೆ. ಅಲ್ಲಿ ಯಾರಿಗೋಸ್ಕರ ಇದ್ದೀಯ, ಬಂದುಬಿಡು ಎಂದ. ಇವರು ಬಂದು ಹೋಗಲಿ, ಆಮೇಲೆ ನೋಡೋಣ ಎಂದೆ. ಅಣ್ಣನಿಗೆ ಪ್ರತಿಸಲ ಹೇಳುವುದೂ ಅದನ್ನೇ.

ಜೂನ್ 23, ಸೋಮವಾರ

ರಾಯಪುರದಲ್ಲಿ ಮಳೆ. ರಾತ್ರಿಯಿಂದ ಬಿಟ್ಟಿಲ್ಲವಂತೆ.

ಅಲಮಾರಿನಿಂದ ಇವರ ಎರಡು ಅಂಗಿ ತೆಗೆದು ಒಗೆದು ಹಾಕಿದೆ. ಒಗೆದ ಬಟ್ಟೆಯೇ ಅವು, ಸುಮ್ಮನೆ ಮತ್ತೆ ಒಗೆದೆ. ಇವರ ಮೈಯ ವಾಸನೆ, ಡೀಸೆಲ್ಲು ಮತ್ತು ಒದ್ದೆ ಕಲ್ಲುಪುಡಿಯದು, ಆ ಅಂಗಿಗಳಿಂದ ಹೋಗಿ ಎಷ್ಟೋ ಕಾಲವಾಗಿದೆ. ಈಗ ಅಲಮಾರಿನದೇ ವಾಸನೆ.

ಅತ್ತೆ ಒಪ್ಪಿದ್ದಾರೆ. ಮಳೆಯ ಸುದ್ದಿ ಕೇಳಿದ ಮೇಲೆ ಒಪ್ಪಿದರು. ಅಷ್ಟರಲ್ಲಿ ಮಗ ಬಂದಿರುತ್ತಾನೆ ಎಂದು ಇಬ್ಬರೂ ಲೆಕ್ಕ ಹಾಕಿ ಜುಲೈ ಒಂದನೇ ತಾರೀಕು ಹೇಳಿದೆವು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಅಂದರೆ ಬೇಡವೆಂದು ದೊಡ್ಡ ಅಕ್ಷರದಲ್ಲಿ ಕೆಂಚಮ್ಮ ಎಂದು ಬರೆದರು.

ಜುಲೈ 1, ಮಂಗಳವಾರ

ಇವರು ಬರಲಿಲ್ಲ. ಲಾರಿ ಮಾಲೀಕ ಇನ್ನೊಂದು ವಾರ ನೋಡೋಣ ಎಂದನಂತೆ. ತಾರೀಕು ಮುಂದೂಡೋಣ ಎಂದು ಅತ್ತೆ ಅಂದರು, ನಾನು ಬಿಡಲಿಲ್ಲ.

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಎರಡು ದಿನದಿಂದ ಮುದ್ದೆ, ಸೊಪ್ಪು ನಿಲ್ಲಿಸಿದ್ದೆ. ನಿನ್ನೆ ಕೆಲಸಕ್ಕೆ ಹೊರಡುವಾಗ, ಇವತ್ತು ಏನೂ ಉಣ್ಣುವ ಹಾಗಿಲ್ಲ ಅತ್ತೆ, ಬರೀ ಕುಡಿಯುವುದು ಎಂದು ಹೇಳಿ ಹೋದೆ. ಸಂಜೆ ಬಂದು ಭೇದಿಯ ಪುಡಿಯನ್ನು ನಾನೇ ನೀರಿಗೆ ಕಲಸಿ ಕೊಟ್ಟೆ. ಮುಖ ಕಿವಿಚಿಕೊಂಡು ಪೂರ್ತಿ ಕುಡಿದರು. ಬೆಳಿಗ್ಗೆ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಮೊದಲು, ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದೆ: ಏನಾದರೂ ತಿಂದಿದ್ದೀರಾ? ಇಲ್ಲ ಎಂದರು. ಅತ್ತೆ ಸುಳ್ಳು ಹೇಳುವವರಲ್ಲ. ಹೇಳಲೂ ಇಲ್ಲ.

ಮಧ್ಯಾಹ್ನ ಭಾನುಪ್ರಿಯ ಮೇಡಂ ಹೊರಗೆ ಬಂದು ಕೈಗವಸು ಕಳಚಿ ನನ್ನನ್ನು ಒಳಗೆ ಕರೆದರು. ಪರದೆಯ ಮೇಲೆ ಕರುಳಿನ ಗೋಡೆ ಕಾಣುತ್ತಿರಲಿಲ್ಲ. ಕಂದು ಬಣ್ಣದ ಸಣ್ಣ ಸಣ್ಣ ಕಾಳು, ಗೋಡೆಗೆ ಮೆತ್ತಿದ ಹಾಗೆ. ನೀರು ಬಿಟ್ಟು ತೊಳೆದರೂ ಹೋಗುತ್ತಿಲ್ಲ, ಇದೇನು ಎಂದು ಕೇಳಿದರು. ಆ ಬಣ್ಣ ನನಗೆ ನೋಡಿದ ಕೂಡಲೇ ಗೊತ್ತಾಯಿತು. ದಿನವೂ ಪಾತ್ರೆಯ ತಳದಲ್ಲಿ ಉಜ್ಜುವ ಬಣ್ಣ.

ಎಚ್ಚರವಾದ ಮೇಲೆ ಅತ್ತೆ ಹೇಳಿದರು. ನಿನ್ನೆ ಎರಡು ಚೊಂಬು ರಾಗಿ ಅಂಬಲಿ. ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಹೊಟ್ಟೆ ಉರಿಯಿತೆಂದು ಒಂದು ಲೋಟ. "ನೀನೇ ಅಂದ್ಯಲ್ಲ ಕುಡೀಬೋದು ಅಂತ. ಮಜ್ಜಿಗೆ ಜಾಸ್ತಿ ಬುಟ್ಟು ನೀರ್ ನೀರಾಗೇ ಮಾಡಿದ್ದೆ."

ಮೇಡಂ ಗದರಿಸಲು ಬಾಯಿ ತೆರೆದವರು ನನ್ನ ಮುಖ ನೋಡಿ ದನಿ ತಗ್ಗಿಸಿದರು. ಮತ್ತೆ ಹೊಸದಾಗಿ ಮಾಡಬೇಕು, ಇವತ್ತಿನದು ನೋಡಿದ ಲೆಕ್ಕವಲ್ಲ ಎಂದರು. ಅತ್ತೆಗೆ ಅದು ಹಿಡಿಸಲಿಲ್ಲ. ಒಂದು ಸಲ ಆಯಿತಲ್ಲ, ಇನ್ನು ಅವನು ಬಂದ ಮೇಲೆಯೇ ಎಂದು ರೈಲಿನಲ್ಲಿ ಮುಖ ತಿರುಗಿಸಿ ಕೂತರು.

ಜುಲೈ 3, ಗುರುವಾರ

ನಮ್ಮ ಮನೆಯಲ್ಲಿ ಅಂಬಲಿಯನ್ನು ಯಾರೂ ಊಟವೆಂದು ಎಣಿಸುವುದಿಲ್ಲ. ಹೊಲಕ್ಕೆ ಹೋಗುವ ಮೊದಲು ಅಂಬಲಿ ಕುಡಿದವರನ್ನು ಊಟವಾಯಿತಾ ಎಂದು ಕೇಳಿದರೆ ಇನ್ನೂ ಇಲ್ಲ ಎನ್ನುತ್ತಾರೆ. ಇದು ನನಗೆ ಗೊತ್ತಿರದ ಸಂಗತಿಯಲ್ಲ. ನಾನು ಅದರೊಳಗೇ ಬೆಳೆದಿದ್ದೇನೆ, ಅದಕ್ಕೇ ಕಾಣಲಿಲ್ಲ.

ಅದಕ್ಕಿಂತ ದೊಡ್ಡದು ಇವತ್ತು ಹೊಳೆಯಿತು. ಇಷ್ಟು ದಿನ ಮಾಗಡಿಯಿಂದ, ಕನಕಪುರದಿಂದ ಬಂದವರನ್ನೆಲ್ಲ ತಿಂದಿದ್ದೀರಾ ಎಂದೇ ಕೇಳಿದ್ದೇನೆ. ಎಲ್ಲರೂ ಇಲ್ಲ ಎಂದಿದ್ದಾರೆ. ಮೇಡಂಗೆ ಹೇಳಿದೆ. ಅವರು ಪಟ್ಟಿ ತೆಗೆದು ಪ್ರತಿಯೊಬ್ಬರಿಗೂ ಫೋನ್ ಮಾಡಿ ಕೇಳಲು ಹೇಳಿದರು. ಇನ್ನು ಮೇಲೆ ನನ್ನ ಪ್ರಶ್ನೆ: ಎದ್ದ ಮೇಲೆ ಬಾಯಿಗೆ ಏನೇನು ಹಾಕಿಕೊಂಡಿರಿ?

ಖಾಲಿ ಹೊಟ್ಟೆಯದಲ್ಲದ ಅತ್ತೆಯ ರಕ್ತ ಅಧ್ಯಯನದಿಂದ ಹೊರಗೆ, ಅವರನ್ನು ಮತ್ತೆ ಸೇರಿಸುವ ಹಾಗೂ ಇಲ್ಲ. ನಿಯಮ.

ಜುಲೈ 11, ಶುಕ್ರವಾರ

ಲ್ಯಾಬಿನಲ್ಲಿ ರಕ್ತದ ಪರೀಕ್ಷೆ ಮಾಡುವವನು ಮುಜೀಬ್. ನನಗಿಂತ ಚಿಕ್ಕವನು, ಅಕ್ಕ ಎನ್ನುತ್ತಾನೆ. ಹೊರಗಿಡಬೇಕೆಂಬ ಸುದ್ದಿ ಅವನಿಗೆ ತಲುಪುವಷ್ಟರಲ್ಲಿ ಅತ್ತೆಯ ಮಾದರಿ ಬೇರೆಯವರದರ ಜೊತೆ ಪರೀಕ್ಷೆಯ ತಟ್ಟೆಯ ಗುಳಿಯಲ್ಲಿ ಸೇರಿಬಿಟ್ಟಿತ್ತು. ನಂಬರು ಮಾತ್ರ ಇರುತ್ತದೆ, ಹೆಸರು ಇರುವುದಿಲ್ಲ. ಆದರೆ ಆ ನಂಬರು ಅಂಟಿಸಿದವಳು ನಾನು.

ಅಡಿಪೊನೆಕ್ಟಿನ್ ತಟ್ಟೆಯಲ್ಲಿ ಹೆಚ್ಚಿದ್ದವರ ಗುಳಿ ಗಾಢ ಹಳದಿಯಾಗುತ್ತದೆ. ಅತ್ತೆಯದು ತೆಳ್ಳಗಿತ್ತು, ನಿಂಬೆ ಹಿಂಡಿದ ನೀರಿನ ಹಾಗೆ. ಲೆಪ್ಟಿನ್ ತಟ್ಟೆಯಲ್ಲಿ ಗಾಢ, ಗಂಟಿರುವವರಲ್ಲಿ ಕೆಲವರು ಕಂಡಿದ್ದಾರೆ ಎಂದು ಮೇಡಂ ಹೇಳಿದ ಹಾಗೆಯೇ.

ನಾನು ನಿಂತ ರೀತಿಯಿಂದಲೇ ಮುಜೀಬ್‌ಗೆ ಅರ್ಥವಾಗಿರಬೇಕು. "ಅಕ್ಕಾ, ಇದು ಒಬ್ಬರ ಬಗ್ಗೆ ಏನೂ ಹೇಳಲ್ಲ. ನೂರಾರು ಜನರನ್ನ ಒಟ್ಟಿಗೆ ಇಟ್ಟರೆ ಏನಾದ್ರೂ ಹೇಳಬಹುದು, ಅದೂ ಬಹುದು. ಇದರಲ್ಲಿ ಅಂಬಲಿ ಬೇರೆ ಐತೆ" ಎಂದ.

ಗೊತ್ತು ಎಂದೆ.

ಜುಲೈ 12, ಶನಿವಾರ

ಇವರಿಗೆ ಫೋನ್ ಮಾಡಿದೆ. ಅಮ್ಮನ ರಕ್ತದಲ್ಲಿ ಗೊತ್ತಾಗಿದೆ, ಬನ್ನಿ ಎಂದೆ.

ಇವರ ದನಿ ಬೇರೆಯಾಯಿತು. ಮುಂದಿನ ಭಾನುವಾರದ ಒಳಗೆ ಬಂದೇ ಬರುತ್ತೇನೆ ಎಂದರು. ನನ್ನನ್ನು ಹೇಗಿದ್ದೀಯ ಎಂದೂ ಕೇಳಿದರು. ಇಷ್ಟು ಮೆತ್ತಗೆ ಮಾತಾಡಿ ಎಷ್ಟು ದಿನವಾಗಿತ್ತೋ.

ರಕ್ತದಲ್ಲಿ ಏನೂ ಗೊತ್ತಾಗಿಲ್ಲ. ನಾನು ಹೇಳಿದ ವಾಕ್ಯದಲ್ಲಿ ನಿಜವಾದದ್ದು "ಬನ್ನಿ" ಎಂಬುದೊಂದೇ.

ಜುಲೈ 16, ಬುಧವಾರ

ಕಾದಂಬರಿ ಮುಂದೆ ಹೋಗುತ್ತಿಲ್ಲ. ಒಂದೇ ಪುಟವನ್ನು ರಾಮನಗರದಿಂದ ಚನ್ನಪಟ್ಟಣದವರೆಗೂ ಓದಿದೆ.

ದೇವಸ್ಥಾನದ ಹತ್ತಿರ ಬಸ್ಸು ಇಳಿದು ನಡೆದು ಬಂದೆ. ಮಗು ಬೇಡಲು ಬಂದ ಜೋಡಿಗಳಿಗೆ ಮರದ ತೊಟ್ಟಿಲು ಮಾರುವವರು ಎಲ್ಲರನ್ನೂ ಕೂಗಿ ಕರೆಯುತ್ತಾರೆ, ನನ್ನನ್ನು ಕರೆಯುವುದಿಲ್ಲ. ಊರಿನವಳೆಂದು ಗೊತ್ತು, ಗಂಡ ಊರಲ್ಲಿಲ್ಲವೆಂದೂ ಗೊತ್ತು.

ಅತ್ತೆ ಅಂಗಳಕ್ಕೆ ಸಗಣಿ ಹಾಕಿ ಸಾರಿಸಿದ್ದಾರೆ. ಪಕ್ಕದ ಮನೆಯ ಚಿನ್ನಮ್ಮನ ಹತ್ತಿರ ಒಂದು ನಾಟಿ ಹುಂಜ ಹೇಳಿಟ್ಟಿದ್ದಾರೆ.

ಜುಲೈ 20, ಭಾನುವಾರ

ಬೆಂಗಳೂರಿಂದ ಬರುವ ಬೆಳಗಿನ ರೈಲಿಗೆ ಸ್ಟೇಷನ್ನಿಗೆ ಹೋದೆ. ಇಳಿದವರೆಲ್ಲ ಹೋದ ಮೇಲೂ ಗಾಡಿಯ ಆ ಕಡೆ ಬಾಗಿಲಿನಿಂದ ಇಳಿದಿರಬಹುದೆಂದು ನಿಂತೆ. ಮುಂದಿನ ರೈಲಿಗೂ ನಿಂತೆ. ಫೋನ್ ಸ್ವಿಚ್ ಆಫ್.

ಮನೆಗೆ ಬಂದರೆ ಕೋಳಿ ಸಾರು ಕುದಿಯುತ್ತಿತ್ತು. ಅತ್ತೆ ಬಾಗಿಲ ಕಡೆ ನೋಡಿ, ನನ್ನ ಹಿಂದೆ ನೋಡಿ, ಮತ್ತೆ ಒಲೆಯ ಕಡೆ ತಿರುಗಿದರು. ಮಧ್ಯಾಹ್ನದ ಹೊತ್ತಿಗೆ ಫೋನಿಗೆ ದನಿ ಸಂದೇಶ ಬಂತು. ನನ್ನ ಕೈ ಒದ್ದೆಯಿತ್ತು, ಅತ್ತೆಯೇ ಒತ್ತಿದರು. ಹಾಗಾಗಿ ಇಬ್ಬರೂ ಒಟ್ಟಿಗೆ ಕೇಳಿದೆವು.

ಲಾರಿಯನ್ನು ಮರುಭೂಮಿಯ ಬಿಕಾನೇರ್ ಕಡೆ ಹೊಡೆದಿದ್ದಾರಂತೆ. ಅಲ್ಲಿ ಮಳೆಯ ಕಾಟವಿಲ್ಲವಂತೆ, ವರ್ಷಪೂರ್ತಿ ಕೆಲಸ. ಆಮೇಲೆ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ನಾನ್ ಬಂದ್ರೂ ಏನ್ ಮಾಡ್ಲಿ ಅಲ್ಲಿ? ಡಾಕ್ಟ್ರು ಹೇಳಿದ್ದು ನಂಗೆ ತಿಳಿಯಲ್ಲ. ನೀನಿದೀಯಲ್ಲ."

ಅತ್ತೆ ಫೋನನ್ನು ಮಗುವನ್ನು ಮಲಗಿಸುವ ಹಾಗೆ ಚಾಪೆಯ ಮೇಲೆ ಇಟ್ಟರು. ಎರಡು ತಟ್ಟೆ ಹಾಕಿ ಮುದ್ದೆ ಇಟ್ಟರು. ಇಬ್ಬರೂ ಉಂಡೆವು. ಸಾರಿಗೆ ಖಾರ ಜಾಸ್ತಿಯಾಗಿತ್ತು, ಅವನಿಗೆ ಬೇಕಾಗುವಷ್ಟು.

ಕೈ ತೊಳೆದ ಮೇಲೆ ನಾನು ಹೇಳಿಬಿಟ್ಟೆ. ರಕ್ತದಲ್ಲಿ ಏನೂ ಬಂದಿಲ್ಲ ಅತ್ತೆ, ಅದರಿಂದ ಒಬ್ಬರ ವಿಷಯ ಹೇಳೋಕೆ ಆಗಲ್ಲ, ಅವರನ್ನು ಕರೆಸೋಕೆ ನಾನೇ ಹಾಗೆ ಹೇಳಿದ್ದು.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಹಲ್ಲಿನ ಸಂದಿಯ ಮೂಳೆಚೂರು ತೆಗೆಯುತ್ತ ಕೂತಿದ್ದರು. "ನಾನ್ ಮಾತ್ರ ಏನ್ ಮಾಡ್ದೆ? ಅಶ್ವಥ್ ಬರೋಗಂಟ ಕ್ಯಾಮೆರಾ ಬ್ಯಾಡ ಅಂದಿದ್ದು ಭಯಕ್ಕಾ? ನಾನ್ ಸಾಯ್ತೀನಿ ಅಂದ್ರಾದ್ರೂ ಬತ್ತಾನೆ ಅಂತ."

ಆಮೇಲೆ ತಟ್ಟೆಗಳನ್ನು ಎತ್ತುತ್ತ, "ನಿಮ್ಮ ಡಾಕ್ಟ್ರಮ್ಮನ್ನ ತಾರೀಕು ಕೇಳು. ಈ ಸಾರಿ ಅಂಬ್ಲಿ ಮುಟ್ಟಲ್ಲ" ಎಂದರು.

ಮಿಕ್ಕ ಸಾರನ್ನು ಚಿನ್ನಮ್ಮನ ಮನೆಗೆ ಕೊಟ್ಟು ಬಂದೆ. ಮಗ ಬಂದನಾ ಎಂದು ಆಕೆ ಕೇಳಿದರು. ಇಲ್ಲ, ಸಾರು ಚೆನ್ನಾಗಿದೆ ಎಂದೆ.

ಜುಲೈ 23, ಬುಧವಾರ

ಹೊಸ ತಾರೀಕು ಆಗಸ್ಟ್ 4. ಹಿಂದಿನ ದಿನ ಭಾನುವಾರ, ಮನೆಯಲ್ಲೇ ಇರುತ್ತೇನೆ.

ಆಗಸ್ಟ್ 5, ಮಂಗಳವಾರ

ನಿನ್ನೆ ಬರೆಯಲಾಗಲಿಲ್ಲ.

ಭಾನುವಾರ ಇಡೀ ದಿನ ಅತ್ತೆಯ ಜೊತೆಯೇ ಇದ್ದೆ. ಎಳನೀರು, ಸೋಸಿದ ನಿಂಬೆ ಪಾನಕ, ಮತ್ತೆ ಎಳನೀರು. ಅಡಿಗೆಮನೆ ಕಡೆ ಹೋದಾಗಲೆಲ್ಲ ನನ್ನನ್ನು ಪೊಲೀಸಮ್ಮ ಎಂದು ಕರೆದರು. ಹೊತ್ತು ಹೋಗಲೆಂದು ಕಾದಂಬರಿಯ ಕಥೆ ಹೇಳು ಎಂದರು. ಹಿಮದ ಊರು, ಕಿಟಕಿಯ ಹೆಂಗಸು, ದಂಡಿಗೆ ಹೋದ ಗಂಡ, ಎಲ್ಲ ಹೇಳಿದೆ. ಆಕೆ ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದರು. ಪುಸ್ತಕದಲ್ಲಿ ಅದಿಲ್ಲ ಎಂದೆ. "ಅಂಗಾರೆ ಬರ್ದೋನ್ಗೆ ಹೆಂಗಸ್ರು ಗೊತ್ತಿಲ್ಲ ಬುಡು" ಎಂದರು. ಅವರ ಅಕ್ಕನ ಮಾತೂ ಬಂತು. ಅಕ್ಕನ ತಲೆ ಬಾಚುವಾಗ ಹೇಗೆ ಕೂದಲು ಕೈಗೇ ಬರುತ್ತಿತ್ತು, ಅದನ್ನು ಅವಳಿಗೆ ಕಾಣದ ಹಾಗೆ ಹೇಗೆ ಸೆರಗಿನಲ್ಲಿ ಸುತ್ತಿಕೊಳ್ಳುತ್ತಿದ್ದರು ಎಂದು. ಇಷ್ಟು ವರ್ಷದಲ್ಲಿ ಇದನ್ನು ನನಗೆ ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ನನ್ನ ಜಡೆ ಬಿಚ್ಚಿ ಎಣ್ಣೆ ಹಚ್ಚಿದರು.

ನಿನ್ನೆ ಒಳಗೆ ನಾನೂ ಇರಬೇಕೆಂದು ಕೇಳಿದರು. ಮೇಡಂ ಒಪ್ಪಿದರು. ಸೂಜಿಯ ಮದ್ದು ಏರುವಾಗ ಅತ್ತೆ ನನ್ನ ಕೈಯನ್ನು ಹಿಡಿದದ್ದು ಹೇಗಿತ್ತೆಂದರೆ, ಬಳೆ ಒತ್ತಿದ ಗುರುತು ಇನ್ನೂ ಇದೆ. ಈ ಸಲ ಪರದೆಯ ಮೇಲೆ ಎಲ್ಲ ಸ್ವಚ್ಛವಾಗಿ ಕಂಡಿತು. ಗುಲಾಬಿ ಬಣ್ಣದ ಗೋಡೆ, ಅದರಲ್ಲಿ ಸಣ್ಣ ನಾಳಗಳು, ಎಲೆಯ ಬೆನ್ನಿನ ಹಾಗೆ. ಎಡಗಡೆ ತಿರುವಿನಲ್ಲಿ ಮೇಡಂ ನಿಲ್ಲಿಸಿದರು. ಒಂದು ಗಂಟು, ತೊಟ್ಟಿನ ಮೇಲೆ ನಿಂತ ಸಣ್ಣ ಅಣಬೆಯಂತೆ. ತಂತಿಯ ಕುಣಿಕೆ ಹಾಕಿ ಬುಡದಲ್ಲಿ ಬಿಗಿದು ತೆಗೆದರು. ನೋಡಲು ಕ್ಯಾನ್ಸರ್ ಥರ ಇಲ್ಲ, ಆದರೂ ವರದಿ ಬರಲಿ ಎಂದರು.

ಮೊದಲ ಸಲ ಅದು ಅಲ್ಲೇ ಇತ್ತು. ರಾಗಿಯ ಹಿಂದೆ.

ಎಚ್ಚರವಾದ ಕೂಡಲೇ ಅತ್ತೆ, ಮುಗಿಯಿತಾ, ಹಸಿವು ಎಂದರು.

ರಾತ್ರಿ ಬಟ್ಟೆ ಒಳಗೆ ತರಲು ಮರೆತು ಎಲ್ಲ ನೆನೆದುಹೋಗಿವೆ. ಇಲ್ಲಿ ಮಳೆ ಜೋರಾಗಿದೆ.

ಆಗಸ್ಟ್ 13, ಬುಧವಾರ

ವರದಿ ಬಂತು. ಅಡಿನೋಮ. ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಆಗಬಹುದಾಗಿದ್ದದ್ದು. ಬುಡಸಹಿತ ಬಂದಿದೆ.

ಮುಜೀಬ್ ಸುದ್ದಿ ಕೇಳಿ, ಹಾಗಾದರೆ ತಟ್ಟೆ ಸರಿಯಾಗಿಯೇ ಹೇಳಿತ್ತಲ್ಲ ಅಕ್ಕ ಎಂದು ನಕ್ಕ. ನನ್ನನ್ನು ಪರೀಕ್ಷಿಸಲೆಂದೇ ಅಂದ. ಹೇಳಿರಲಿಲ್ಲ ಎಂದೆ. ತೆಳು ಹಳದಿಯಿದ್ದೂ ಏನೂ ಸಿಗದವರು, ಗಾಢ ಹಳದಿಯಿದ್ದೂ ಗಂಟು ಸಿಕ್ಕವರು ನಮ್ಮಲ್ಲೇ ಇದ್ದಾರೆ. ಎಷ್ಟು ಜನರಾದ ಮೇಲೆ ಅದು ಮಾತಾಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಆ ಎಷ್ಟೋ ಜನರಲ್ಲಿ ಅತ್ತೆ ಸೇರುವುದಿಲ್ಲ.

ಅಶ್ವಥ್‌ನ ಎರಡು ಮಿಸ್ಡ್ ಕಾಲ್ ಇದ್ದವು. ಆಗ ಮೇಡಂ ರೂಮಿನಲ್ಲಿದ್ದೆವು. ಆಮೇಲೆ ಅತ್ತೆಗೆ ಇಡ್ಲಿ ತಿನ್ನಿಸುವುದು, ರೈಲು ಹಿಡಿಯುವುದು ಎಂದು ವಾಪಸು ಫೋನ್ ಮಾಡಲಾಗಲಿಲ್ಲ. ನಾಳೆ ಮಾಡಿ ಸುದ್ದಿ ಹೇಳಬೇಕು.

ಮೇಡಂ ರೂಮಿನಲ್ಲಿ ಆದದ್ದು ಇಷ್ಟು. ಒಂದು ಸಲ ಗಂಟು ಬಂದವರಿಗೆ ಮತ್ತೆ ಬರಬಹುದು, ಮೂರು ವರ್ಷಕ್ಕೆ ಇನ್ನೊಮ್ಮೆ ನೋಡಬೇಕು ಎಂದು ಮೇಡಂ ಫೈಲಿನ ಮೇಲೆ 2028, ಆಗಸ್ಟ್ ಎಂದು ಬರೆದರು. ಯಾರು ಕರೆದುಕೊಂಡು ಬರುತ್ತಾರೆ, ಅಷ್ಟೊತ್ತಿಗೆ ಮಗ ಬಂದಿರುತ್ತಾನಾ ಎಂದು ಕೇಳಿದರು. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ನನ್ನ ಕಡೆ ನೋಡದೆಯೇ ಹೇಳಿದರು. "ಅವ್ನು ಬಂದ್ರೆ ಉಂಡ್ಕೊಂಡು ಹೋಗ್ಲಿ. ಕರ್ಕೊಂಡ್ ಬರೋಳು ಇವ್ಳು."

ಫೈಲಿನಲ್ಲಿ ಮನೆಯವರ ಫೋನ್ ನಂಬರ್ ಎಂಬ ಜಾಗ ಖಾಲಿಯಿತ್ತು. ಮೇಡಂ ಪೆನ್ನು ಕೊಟ್ಟರು. ನನ್ನದನ್ನು ಬರೆದೆ.